ಕಡಲೆಬೀಜ ಆಯ್ದು ತೆಗೆದ ಎಳ್ಳು

ಸ್ಟೀಲ್ ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಊಟದ ಬೆಲ್ ಹೊಡೆದು, ಮಕ್ಕಳು ಶಾಲೆಯ ವರಾಂಡದಲ್ಲಿ ಎದುರುಬದುರಾಗಿ ಕೂತು, ಮಿಸ್ ಪ್ರೇಯರ್ ಹೇಳಿಸಿ ಮುಗಿಸುವವರೆಗೆ ಎಲ್ಲ ನಿಶ್ಶಬ್ದ. ಆಮೇಲೆ ಒಂದೇ ಸಲಕ್ಕೆ ಟಪಟಪ ಕ್ಲಿಪ್ಪುಗಳು ಬಿಚ್ಚಿಕೊಳ್ಳುತ್ತಿದ್ದವು. ಬಿಗಿಯಾಗಿ ಕೂತ ಮುಚ್ಚಳವನ್ನು ನೆಲಕ್ಕೆ ಕುಟ್ಟುವವರು ಕೆಲವರು. ಯಾರದೋ ಒಂದು ಮುಚ್ಚಳ ಕೈತಪ್ಪಿ ಸಿಮೆಂಟಿನ ಮೇಲೆ ಗಿರಗಿರ ತಿರುಗಿ ತಿರುಗಿ ಕೊನೆಗೆ ಮಲಗುತ್ತಿತ್ತು. ಹೊರಗೆ ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದ ನಾನು, ಆ ಸದ್ದು ಕೇಳಿದ ಕೂಡಲೇ ಹ್ಯಾಂಡ್‌ಬ್ಯಾಗಿನ ಜಿಪ್ ತೆಗೆದು ಒಳಗೆ ಕೈ ಇಟ್ಟುಕೊಳ್ಳುತ್ತಿದ್ದೆ. ಬ್ಯಾಗಿನಲ್ಲಿ ಪೆನ್ನಿನ ಆಕಾರದ ಒಂದು ಇಂಜೆಕ್ಷನ್ ಇರುತ್ತಿತ್ತು. ಊಟ ಮುಗಿದು ಮಕ್ಕಳು ನಲ್ಲಿಯ ಹತ್ತಿರ ಗಲಾಟೆ ಮಾಡುವುದು ಕೇಳಿಸಿದ ಮೇಲೆಯೇ ಕೈ ಆಚೆಗೆ ತೆಗೆಯುತ್ತಿದ್ದದ್ದು.

ನನ್ನ ಮೊಮ್ಮಗಳಿಗೆ ಕಡಲೆಬೀಜ ಆಗುವುದಿಲ್ಲ. ಜನ ಬದನೆಕಾಯಿ ಆಗೋಲ್ಲ, ಸಿಹಿಗುಂಬಳ ಆಗೋಲ್ಲ ಅನ್ನುತ್ತಾರಲ್ಲ, ಆ ಆಗದಿರುವಿಕೆ ಇದಲ್ಲ. ಒಂದು ಬೀಜ, ಅರ್ಧ ಬೀಜ, ಬೀಜದ ಪುಡಿ ಮೆತ್ತಿದ ಒಂದು ಬೆರಳು ಸಾಕು. ಮೈಯೆಲ್ಲ ದದ್ದು ಏಳುತ್ತದೆ, ತುಟಿ ಊದುತ್ತದೆ, ಗಂಟಲು ಕಟ್ಟಿಕೊಂಡು ಉಸಿರು ಶಿಳ್ಳೆ ಹೊಡೆದ ಹಾಗೆ ಎಳೆಯುತ್ತದೆ. ಆಗ ಆ ಇಂಜೆಕ್ಷನ್ನನ್ನು ತೊಡೆಗೆ ಚುಚ್ಚಬೇಕು, ತಡಮಾಡದೆ ಚುಚ್ಚಬೇಕು, ಚುಚ್ಚಿ ಆಸ್ಪತ್ರೆಗೆ ಓಡಬೇಕು. ಬೆಂಗಳೂರಿನ ಡಾಕ್ಟರು ಒಂದು ಕಿತ್ತಳೆ ಹಣ್ಣಿನ ಮೇಲೆ ನನ್ನ ಕೈಯಲ್ಲೇ ಚುಚ್ಚಿಸಿ ಕಲಿಸಿದರು. ಈ ವಯಸ್ಸಿನಲ್ಲಿ ಸೂಜಿಗೆ ದಾರ ಪೋಣಿಸಲು ಆಗದ ಕೈ ಅದನ್ನು ಕಲಿತಿತು.

ಈ ಮಗು ಹುಟ್ಟಿದ್ದಾದರೂ ಯಾವ ಸೀಮೆಯಲ್ಲಿ ನೋಡಿ. ತಮಿಳುನಾಡಿಗೆ ಸೇರಿದ ಗಡಿಯ ಊರು ನಮ್ಮ ಹೊಸೂರಿನಿಂದ ಯಾವ ಕಡೆಗೆ ಹೊರಟರೂ, ಬೇರಿಕೆಯಾಗಲಿ ರಾಯಕೋಟೆಯಾಗಲಿ, ರಾಗಿ ಹೊಲದ ಪಕ್ಕದಲ್ಲಿ ಕಡಲೆಕಾಯಿ ಹೊಲ ಇದ್ದೇ ಇರುತ್ತದೆ. ಇಡ್ಲಿಗೆ ಕಡಲೆಬೀಜದ ಚಟ್ನಿ, ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ಚಿತ್ರಾನ್ನಕ್ಕೆ ಹುರಿದ ಬೀಜ, ಸಾರು ತೆಳ್ಳಗಾದರೆ ಒಂದು ಹಿಡಿ ರುಬ್ಬಿ ಹಾಕುವುದು, ಬಸ್‌ಸ್ಟ್ಯಾಂಡಿನಲ್ಲಿ ಬೇಯಿಸಿದ ಕಾಯಿ, ಅಂಗಡಿಯ ಸೀಸೆಯಲ್ಲಿ ಕಡಲೆಮಿಠಾಯಿ. ಇಷ್ಟರ ನಡುವೆ ಒಂದು ಮಗುವನ್ನು ಕಾಯುವುದು ಎಂದರೆ ಗಾಳಿಯನ್ನೇ ಅನುಮಾನದಿಂದ ನೋಡುತ್ತ ಬದುಕುವುದು.

ಮೊದಲ ಸಲ ಗೊತ್ತಾದದ್ದು ರಾಯಕೋಟೆಯಲ್ಲಿ, ನೆಂಟರ ಮನೆಯ ನಾಮಕರಣದಲ್ಲಿ. ಆಗ ಮಗುವಿಗೆ ಮೂರು ವರ್ಷ ತುಂಬಿರಲಿಲ್ಲ. ಯಾರೋ ಅಕ್ಕರೆಯಿಂದ ಒಂದು ಚೂರು ದೋಸೆಯನ್ನು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟರು. ನೋಡನೋಡುತ್ತಿದ್ದ ಹಾಗೆ ಮುಖ ಊದಿತು. ನನ್ನ ಯಜಮಾನರ ಕಡೆಯ ದೊಡ್ಡವರೊಬ್ಬರು ಕುರ್ಚಿಯಿಂದ ಏಳದೆಯೇ ತೀರ್ಪು ಕೊಟ್ಟರು.

"ದೃಷ್ಟಿ ಆಗೈತೆ. ಮೆಣಸಿನ್ಕಾಯಿ ನೀವಾಳ್ಸಿ ಒಲೆಗಾಕ್ರಿ."

"ಕಡಲೆಬೀಜದ ಚಟ್ನಿ ತಿಂದ ಮೇಲೆ ಆಗಿದ್ದು" ಎಂದು ನನ್ನ ಮಗಳು ಅಳುತ್ತ ಹೇಳಿದಳು.

"ಕಡ್ಲೆಕಾಯ್ ತಿಂದು ಯಾರಾನಾ ಸತ್ತವ್ರೇನಮ್ಮಿ? ನಾವೆಲ್ಲ ಗಿಡದಿಂದ ಕಿತ್ತು ಮಣ್ಣು ಒದರ್ಕೊಂಡು ತಿಂದೇ ಬೆಳ್ದೋರು. ಇಸ್ಕೂಲ್ಗೋಗಿ ಓದಿದ್ದು ಜಾಸ್ತಿ ಆಯ್ತು ನಿಮ್ಗೆ."

ಕಾರು ಇದ್ದ ಪುಣ್ಯಾತ್ಮರೊಬ್ಬರು ಹೊಸೂರಿಗೆ ಓಡಿಸಿಕೊಂಡು ಬಂದರು. ಮಗು ಬದುಕಿತು. ಆ ದೊಡ್ಡವರು ಇವತ್ತಿಗೂ ಸಿಕ್ಕಾಗಲೆಲ್ಲ "ಈಗ ಸರ್ಯಾಯ್ತಾ, ವಸಿ ವಸೀನೆ ತಿನ್ಸಿ ಅಭ್ಯಾಸ ಮಾಡ್ಸು" ಅನ್ನುತ್ತಾರೆ. ಡಾಕ್ಟರು ತಮ್ಮ ನಿಗಾದಲ್ಲಿ ಆಸ್ಪತ್ರೆಯಲ್ಲಿ ಮಾಡುವ ಯಾವುದೋ ಚಿಕಿತ್ಸೆ ಇದೆಯಂತೆ, ಅದು ಬೇರೆ ಮಾತು. ಇವರು ಹೇಳುವುದು ಅಡುಗೆಮನೆಯಲ್ಲಿ ಕೂತು ಜೂಜಾಡುವುದು. ನಾನು ಕಾನ್ವೆಂಟಿನಲ್ಲಿ ಮ್ಯಾನರ್ಸ್ ಕಲಿತವಳು, ನಗುತ್ತೇನೆ. ಒಳಗೆ ಹಲ್ಲು ಕಡಿಯುತ್ತೇನೆ.

ಕಾನ್ವೆಂಟ್ ಎಂದಾಗ ನೆನಪಾಗುತ್ತದೆ. ನಮ್ಮ ಬೋರ್ಡಿಂಗಿನ ಊಟದ ಹಾಲ್‌ಗೆ ರೆಫೆಕ್ಟರಿ ಅನ್ನುತ್ತಿದ್ದೆವು. ಉದ್ದನೆಯ ಮರದ ಮೇಜು, ಬೀಸಿದ ಬೆತ್ತದ ಸದ್ದು, ತಟ್ಟೆಯಲ್ಲಿ ಒಂದು ಅಗುಳು ಬಿಡುವ ಹಾಗಿಲ್ಲ. ನನ್ನ ಪಕ್ಕದ ಮಂಚದ ಹುಡುಗಿಗೆ ಮೊಟ್ಟೆ ತಿಂದ ದಿನವೆಲ್ಲ ಕತ್ತು ತುರಿಸುತ್ತಿತ್ತು, ವಾಂತಿಯಾಗುತ್ತಿತ್ತು. "ಡೋಂಟ್ ಬಿ ಫಸ್ಸಿ, ಚೈಲ್ಡ್" ಎಂದು ಸಿಸ್ಟರ್ ತಲೆಯ ಮೇಲೆ ನಿಂತು ತಿನ್ನಿಸುತ್ತಿದ್ದರು. ಒಂದು ರಜೆಗೆ ಮನೆಗೆ ಹೋದವಳು ವಾಪಸು ಬರಲಿಲ್ಲ. ಏನಾಯಿತೋ ನಮಗೆ ಯಾರೂ ಹೇಳಲಿಲ್ಲ. ಎಷ್ಟು ರಾಗವಾಗಿ ಹಾಡುತ್ತಿದ್ದಳು ಅವಳು, ಚಾಪೆಲ್ಲಿನಲ್ಲಿ ಅವಳ ದನಿಯೇ ಮೇಲೆ. ಅಲರ್ಜಿ ಎನ್ನುವ ಮಾತು ಗೊತ್ತಿದ್ದರೆ ಆಗ ಯಾರಾದರೂ ಆಡುತ್ತಿದ್ದರೇನೋ. ಈಗ ಮಾತು ಎಲ್ಲರಿಗೂ ಗೊತ್ತು. ಆದರೂ ಏನು ಬದಲಾಯಿತು ಎಂದು ಕೇಳಿಕೊಂಡರೆ ಮೈ ಉರಿಯುತ್ತದೆ.

ಮೊಮ್ಮಗಳನ್ನು ಸೇರಿಸಿದ್ದು ಊರಾಚೆ, ಬೇರಿಕೆಗೆ ಹೋಗುವ ದಾರಿಯಲ್ಲಿರುವ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಮಧ್ಯಾಹ್ನದ ಕಾವಲು ನನ್ನದು. ಆಗಿದ್ದ ಹಳೆಯ ಪ್ರಿನ್ಸಿಪಾಲರು ಕೈಯೆತ್ತಿ ಮುಗಿದೇಬಿಟ್ಟರು. "ನಮ್ ಕೈಲಿ ಏನಾಗುತ್ತಮ್ಮ, ನೀವೇ ಬಂದು ಕೂತ್ಕೊಳ್ಳಿ" ಅಂದರು. ಕೂತೆ. ಒಂದಿಡೀ ವರ್ಷ ಹೊಂಗೆಮರದ ಕೆಳಗೆ ಕೂತೆ.

ಅಲ್ಲೇ ನನಗೆ ಆ ಹುಡುಗಿಯ ಪರಿಚಯವಾದದ್ದು. ಮೊಮ್ಮಗಳ ಸ್ನೇಹಿತೆ, ಮೊಮ್ಮಗಳಿಗಿದ್ದ ಒಬ್ಬಳೇ ಸ್ನೇಹಿತೆ. ಗುಮ್ಮಳಾಪುರದ ಕಡೆಯಿಂದ ಶಾಲೆಯ ವ್ಯಾನಿನಲ್ಲಿ ಬರುತ್ತಿದ್ದಳು. ಅಪ್ಪ ಫ್ಯಾಕ್ಟರಿಯಲ್ಲಿ ಶಿಫ್ಟಿಗೆ ಹೋಗಿ ಬಂದು ಹೊಲ ನೋಡುವವನು, ಅಮ್ಮ ಹೊಲ, ಹಸು, ಮನೆ ಮೂರನ್ನೂ ನೋಡುವವಳು. ಕಡಲೆಕಾಯಿ ಬೆಳೆಯುವ ಮನೆ. ಹುಡುಗಿಯ ಡಬ್ಬಿಯಲ್ಲಿ ದಿನಾ ರಾಗಿರೊಟ್ಟಿ, ಕಡಲೆಬೀಜದ ಕೆಂಪು ಚಟ್ನಿ. ಬೇರೆ ಮಕ್ಕಳು ನನ್ನ ಮೊಮ್ಮಗಳ ಹತ್ತಿರ ಕೂರಲು ಹೆದರಿದರೆ, ಇವಳು ನನ್ನ ಬೆಂಚಿನ ಹತ್ತಿರ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಜ್ಜೀ, ನಾನು ಆ ಕಡೇಗ್ ಕುಂತ್ಕೊಂಡ್ ಉಣ್ತೀನಿ. ಉಂಡ್ಬುಟ್ಟು ಕೈ ಬಾಯಿ ತೊಳ್ಕೊಂಡ್ ಬತ್ತೀನಿ. ಅಮ್ಯಾಕೆ ಇಬ್ರೂ ಆಡ್ಕೊತೀವಿ. ಆಯ್ತಾ?"

"ಸೋಪು ಹಾಕಿ ತೊಳೀತೀಯೇನೇ?"

"ಹಾಕ್ತೀನಿ. ಇವ್ಳು ಮೂಸ್ ನೋಡ್ತಾಳೆ ಅಜ್ಜೀ. ವಾಸ್ನೆ ಬಂದ್ರೆ ಇನ್ನೊಂದ್ಸಲ ಓಡುಸ್ತಾಳೆ. ಪೊಲೀಸ್ನೋಳು!"

ನನ್ನ ಮೊಮ್ಮಗಳು ನಿಜವಾಗಿಯೂ ಪೊಲೀಸರ ಹಾಗೆ ಅವಳ ಎರಡು ಅಂಗೈ ಹಿಡಿದು ಮೂಸಿ, "ಪಾಸ್" ಅನ್ನುತ್ತಿದ್ದಳು. ಆಮೇಲೆ ಇಬ್ಬರೂ ಕೈಕೈ ಹಿಡಿದು ಓಡುತ್ತಿದ್ದರು. ಯಾರೂ ಕಲಿಸಿದ್ದಲ್ಲ. ಒಬ್ಬಳು ತನ್ನ ಮನೆಯ ಊಟ ಬಿಡಲಿಲ್ಲ, ಇನ್ನೊಬ್ಬಳು ಉಸಿರು ಕಳೆದುಕೊಳ್ಳಲಿಲ್ಲ. ಹೊಂಗೆಮರದ ಕೆಳಗೆ ಕೂತು ನಾನು ನೋಡಿದ ಆ ಏರ್ಪಾಟನ್ನು ದೊಡ್ಡವರು ಯಾರೂ, ಅಷ್ಟೊಂದು ಮೀಟಿಂಗ್ ಮಾಡಿದ ಮೇಲೂ, ಮಾಡಿಕೊಡಲಿಲ್ಲ.

ಮರುವರ್ಷ ಹೊಸ ಪ್ರಿನ್ಸಿಪಾಲ್ ಬಂದಳು. ನನ್ನ ಮಗಳ ವಯಸ್ಸು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಮೇಜಿನ ಮೇಲೆ ಒಂದು ಕಣ ಧೂಳಿಲ್ಲ. ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಮಧ್ಯೆ ಮಧ್ಯೆ ತಮಿಳು. ಅಜ್ಜಿ ಎನ್ನುವ ಬದಲು ಪಾಟಿ ಅನ್ನುತ್ತಿದ್ದಳು.

"ಪಾಟಿ, ಊಟದ ಟೈಮಲ್ಲಿ ಔಟ್‌ಸೈಡರ್ಸ್ ಕ್ಯಾಂಪಸ್ ಒಳಗೆ ಇರೋ ಹಾಗಿಲ್ಲ. ಚೈಲ್ಡ್ ಸೇಫ್ಟಿ."

ಔಟ್‌ಸೈಡರ್! "ನಾನು ಕೂತಿರೋದೇ ಚೈಲ್ಡ್ ಸೇಫ್ಟಿಗೆ ಅಲ್ವೇನಮ್ಮ?"

"ನಿಮ್ಮ ಕನ್ಸರ್ನ್ ನನಗೆ ಅರ್ಥ ಆಗುತ್ತೆ. ಮೆಡಿಸಿನ್ ಆಫೀಸಲ್ಲಿ ಕೊಟ್ಟುಬಿಡಿ. ಲಾಕ್ ಅಂಡ್ ಕೀ ಒಳಗೆ ಸೇಫಾಗಿರುತ್ತೆ. ಒಣ್ಣುಂ ಆಗಾದು ಪಾಟಿ."

ಏನೂ ಆಗುವುದಿಲ್ಲ ಎಂದು ತಮಿಳಿನಲ್ಲಿ ಸಮಾಧಾನ. ಸೂಜಿ ಇರುವ ವಸ್ತು, ಮಕ್ಕಳ ಕೈಗೆ ಸಿಕ್ಕಿದರೆ ಕಷ್ಟ, ಆದ್ದರಿಂದ ಬೀಗ. ಹೊರಗಿನವರು ಯಾರೂ ಔಷಧಿ ಹಿಡಿದು ಗೇಟಿನೊಳಗೆ ಬರಬಾರದು, ಅದು ಪಾಲಿಸಿ. ಬೀಗದೊಳಗಿನ ಇಂಜೆಕ್ಷನ್ ಉಸಿರು ಕಟ್ಟಿದ ಮಗುವಿಗೆ ಏನು ಪ್ರಯೋಜನ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ, ಕನ್ನಡದಲ್ಲಿ ಕೇಳಿದೆ, ನನಗೆ ಗೊತ್ತಿರುವ ಅಲ್ಪಸ್ವಲ್ಪ ತಮಿಳಿನಲ್ಲೂ ಕೇಳಿದೆ. ಆಕೆ ಮೂರಕ್ಕೂ ನಕ್ಕಳು. ಮಗಳು ಹೋಗಿ ಹೇಳಿದಳು, ಅಳಿಯ ಹೋಗಿ ಹೇಳಿದ, ಅದೇ ನಗು. ಶಾಲೆಗೆ ಕೊಟ್ಟ ಇಂಜೆಕ್ಷನ್ ಆಫೀಸಿನ ಗೋಡೆಗೆ ಹೊಡೆದ, ಗಾಜಿನ ಬಾಗಿಲಿನ ಒಂದು ಪೆಟ್ಟಿಗೆ ಸೇರಿತು. ಪೆಟ್ಟಿಗೆಗೆ ಪುಟ್ಟ ಹಿತ್ತಾಳೆ ಬೀಗ. ನನ್ನ ಕಲ್ಲುಬೆಂಚು ಖಾಲಿಯಾಯಿತು.

ಆ ವರ್ಷದ ಪೊಂಗಲ್‌ಗೆ ಶಾಲೆಯಲ್ಲಿ ಹಬ್ಬ ಇಟ್ಟುಕೊಂಡರು. ಮೈದಾನದಲ್ಲಿ ಶಾಮಿಯಾನ, ಮೂರು ಕಬ್ಬು ನಿಲ್ಲಿಸಿ ನಡುವೆ ಮಡಕೆಯಲ್ಲಿ ಪೊಂಗಲ್, ಪೂಜೆಗೆ ತಟ್ಟೆ. ಕನ್ನಡದ ಮನೆಯ ಮಕ್ಕಳು ಲಂಗ ಉಟ್ಟು ಬಂದು ಕ್ಲಾಸಿನವರಿಗೆಲ್ಲ ಎಳ್ಳು ಬೀರಬೇಕು ಎಂದು ಮಿಸ್ ಹೇಳಿದ್ದರಂತೆ. ಒಳ್ಳೆಯ ಹುಡುಗಿ ಆ ಮಿಸ್. ಪ್ರತಿ ಮನೆಗೂ ಫೋನ್ ಮಾಡಿ "ಎಳ್ಳಿನಲ್ಲಿ ಕಡಲೆಬೀಜ ಬೇಡ, ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ ಸಾಕು" ಎಂದು ತಿಳಿಸಿದ್ದಳು.

ಹಬ್ಬವಾದ್ದರಿಂದ ನಮಗೂ ಗೇಟು ತೆರೆದಿತ್ತು. ಪಾಲಿಸಿ ಪಾಲಿಸಿಯೇ, ನನ್ನ ಬ್ಯಾಗಿನಲ್ಲಿ ಮಾತ್ರ ಇಂಜೆಕ್ಷನ್ ಇರಲಿಲ್ಲ. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಪಕ್ಕದ ಕುರ್ಚಿಗೆ ಆ ಸ್ನೇಹಿತೆಯ ಅಮ್ಮ ಬಂದು ಕೂತಳು. ತಲೆಗೆ ಕನಕಾಂಬರ, ಹೊಸ ಸೀರೆಯ ಗರಿ ಇನ್ನೂ ಮುರಿದಿರಲಿಲ್ಲ. ನನ್ನ ಕೈ ಹಿಡಿದುಕೊಂಡು ಸಂಭ್ರಮದಲ್ಲಿ ಹೇಳಿದಳು.

"ಅಮ್ಮಾ, ಈ ಸಲ ನಿಮ್ ಮಗೀಗೂ ನಮ್ಮನೆ ಎಳ್ಳು. ರಾತ್ರಿಯೆಲ್ಲ ನಾನೂ ನಮ್ಮತ್ತೇನೂ ಮೊರ ಮುಂದಿಟ್ಕೊಂಡ್ ಕುಂತು, ಕಡ್ಲೆಬೀಜ ಒಂದೂ ಬಿಡ್ದಂಗೆ ಆಯ್ದ್ ತೆಗ್ದಿದೀವಿ!"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಆಯ್ದು ತೆಗೆದರೆ ಬೀಜ ಹೋಗುತ್ತದೆ. ಹುರಿದು, ಸಿಪ್ಪೆ ಉಜ್ಜಿ, ಬೇಳೆ ಒಡೆದ ಬೀಜದ ಪುಡಿ ಎಳ್ಳಿಗೂ ಬೆಲ್ಲದ ಅಚ್ಚಿಗೂ ಕೊಬ್ಬರಿಯ ಚೂರಿಗೂ ಮೆತ್ತಿಕೊಂಡು ಅಲ್ಲೇ ಇರುತ್ತದೆ. ತಲೆಯೆತ್ತಿ ನೋಡಿದೆ. ಮಕ್ಕಳ ಸಾಲಿನಲ್ಲಿ ನನ್ನ ಮೊಮ್ಮಗಳ ಬಾಯಿ ಆಡುತ್ತಿತ್ತು.

ನನ್ನ ಮಂಡಿ ಅಂದು ಹೇಗೆ ಓಡಿತೋ ನನಗೆ ಗೊತ್ತಿಲ್ಲ. "ಉಗುಳು, ಉಗುಳು" ಎಂದು ಕಿರುಚಿದೆ. ಉಗುಳಿದಳು. "ಅಜ್ಜಿ, ನಾನು ಕೇಳೇ ತಿಂದೆ. ಕಡಲೆಬೀಜ ಇಲ್ಲ ಅಂದಳು ಇವಳು" ಎಂದಳು. ನಿಜ, ಕೇಳಿಯೇ ತಿಂದಿದ್ದಳು, ಸ್ನೇಹಿತೆ ಸುಳ್ಳೂ ಹೇಳಿರಲಿಲ್ಲ. "ನಾಲಿಗೆ ಕಡೀತಿದೆ ಅಜ್ಜಿ" ಎನ್ನುವಷ್ಟರಲ್ಲಿ ದನಿ ಒಡೆದು ಗೊರಗೊರ ಆಯಿತು. ಎತ್ತಿಕೊಂಡು ಆಫೀಸಿಗೆ ಬಂದೆವು, ಮಿಸ್, ನಾನು, ಹಿಂದೆಯೇ ಆ ತಾಯಿ.

ಪೆಟ್ಟಿಗೆಗೆ ಬೀಗ. ಗಾಜಿನಾಚೆ ಇಂಜೆಕ್ಷನ್ ಕಾಣುತ್ತಿದೆ, ಹೆಸರು ಬರೆದ ಚೀಟಿ ಸಹ ಕಾಣುತ್ತಿದೆ.

"ಕೀ ಎಲ್ಲಿ?"

"ಕ್ಲರ್ಕ್ ಹತ್ತಿರ ಇದೆ. ಚೀಫ್ ಗೆಸ್ಟ್ ಕರಕೊಂಡು ಬರೋಕೆ ಹೋಗಿದ್ದಾರೆ. ಫೋನ್ ಮಾಡ್ತಿದೀನಿ ಪಾಟಿ, ಒನ್ ಮಿನಿಟ್" ಎಂದಳು ಪ್ರಿನ್ಸಿಪಾಲ್. ಫೋನು ಎರಡು ಸಲ ಕೈಯಿಂದ ಜಾರಿತು ಪಾಪ.

ಮಗುವಿನ ಉಸಿರು ಶಿಳ್ಳೆ ಹಾಕಲು ಶುರುವಾಗಿತ್ತು. ನನ್ನ ಹಿಂದೆ ನಿಂತಿದ್ದ ತಾಯಿ ಹೊರಗೆ ಓಡಿದ್ದು ನೋಡಲಿಲ್ಲ, ವಾಪಸು ಬಂದದ್ದು ನೋಡಿದೆ. ಕೈಯಲ್ಲಿ ಪೂಜೆಯ ತಟ್ಟೆಯ ತೆಂಗಿನಕಾಯಿ. ಅರಿಸಿನ ಕುಂಕುಮ ಹಚ್ಚಿದ್ದು.

"ಸರ್ಕೊಳ್ಳಮ್ಮಾ" ಅಂದವಳೇ ಒಂದೇ ಏಟು ಹಾಕಿದಳು. ಗಾಜು ಚೂರುಚೂರಾಯಿತು. ಚೂರಿನ ನಡುವೆಯೇ ಕೈ ಹಾಕಿ ಇಂಜೆಕ್ಷನ್ ಎಳೆದು ನನ್ನ ಕೈಗಿಟ್ಟಳು. ಲಂಗದ ಮೇಲಿಂದಲೇ ತೊಡೆಗೆ ಒತ್ತಿ ಹಿಡಿದೆ. ಕಿತ್ತಳೆ ಹಣ್ಣು ಎಂದುಕೊಂಡೆ, ಇದು ಕಿತ್ತಳೆ ಹಣ್ಣು ಎಂದುಕೊಂಡೇ ಒತ್ತಿದೆ. ಆಸ್ಪತ್ರೆಗೆ ಹೋದದ್ದು ಪ್ರಿನ್ಸಿಪಾಲಳ ಕಾರಿನಲ್ಲಿ, ಓಡಿಸಿದವಳೂ ಅವಳೇ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಸಂಜೆಗೆ ಮಗು ಚೇತರಿಸಿಕೊಂಡಿತು. ಆಸ್ಪತ್ರೆಯ ಬೆಂಚಿನ ಮೇಲೆ ಆ ತಾಯಿ ಬ್ಯಾಂಡೇಜು ಕಟ್ಟಿದ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ನಾನೇ ಸಾಯ್ಸ್ಬುಡ್ತಿದ್ನಲ್ಲಮ್ಮಾ."

"ಕಡಲೆಬೀಜ ಹಾಕದೆ ಬೇರೆ ಮಾಡಿದ್ದರೆ ಆಗುತ್ತಿತ್ತಲ್ಲೇ ತಾಯಿ" ಎಂದೆ.

"ಬೇರೆ ಮಾಡಾಕೆ ಮನ್ಸು ಒಪ್ನಿಲ್ಲ. ಬೀರೋ ಎಳ್ಳು ಎಲ್ರಿಗೂ ಒಂದೇ ಅಲ್ವಾ? ದೇವ್ರ ಮುಂದಿಟ್ಟಿದ್ದು, ಒಂದೇ ಬೇಸನ್ನಿಂದ ಎಲ್ರಿಗೂ ತೆಗ್ಯೋದು. ಈ ಮಗೀಗೆ ಮಾತ್ರ ಬೇರೆ ಅಂದ್ರೆ ದೂರ ಇಟ್ಟಂಗಾಗಲ್ವಾ ಅಂತ..."

ಅವಳ ಮೇಲೆ ಕೋಪ ಮಾಡಿಕೊಳ್ಳಲು ಪ್ರಯತ್ನಿಸಿದೆ, ಬರಲಿಲ್ಲ. ಎಳ್ಳು ಬೀರಿಯೇ ಬೆಳೆದವಳು ನಾನೂ. ಒಂದು ಮನೆಯ ಎಳ್ಳಿನಲ್ಲಿ ಇವರಿಗೊಂದು ಅವರಿಗೊಂದು ಎಂದು ಮಾಡಿದರೆ ಏನರ್ಥ ಎನ್ನುವುದು ನನಗೂ ಗೊತ್ತು. ಬೆರೆಸಿದ್ದನ್ನು ಆಯ್ದರೆ ಶುದ್ಧವಾಯಿತು ಅಂದುಕೊಂಡಳು. ಅಕ್ಕಿಯಲ್ಲಿ ಕಲ್ಲು ಆಯ್ದ ಕೈ ಅದು, ಹಾಗೆ ಅಂದುಕೊಳ್ಳದೆ ಏನು ಮಾಡೀತು? ನನ್ನ ಕೋಪವೆಲ್ಲ ಆ ಹಿತ್ತಾಳೆ ಬೀಗದ ಮೇಲೆ.

ಶಾಲೆಗೆ ಬುದ್ಧಿ ಬರುತ್ತದೆ ಅಂದುಕೊಂಡೆ. ಬಂತು, ಆದರೆ ಯಾವ ಬುದ್ಧಿ! ಪೆಟ್ಟಿಗೆಗೆ ಹೊಸ ಗಾಜು, ಹಳೆಯ ಬೀಗ. ಸಾಲದ್ದಕ್ಕೆ ನಿಷೇಧ ಬೇರೆ. ಕಡಲೆಬೀಜ, ಎಳ್ಳು, ಕೊಬ್ಬರಿ, ಗೋಡಂಬಿ, ಯಾವುದೇ ಬಗೆಯ ಚಟ್ನಿ ತರಬಾರದು. ಎಳ್ಳು ಕೊಬ್ಬರಿ ನನ್ನ ಮೊಮ್ಮಗಳಿಗೆ ಏನೂ ಮಾಡುವುದಿಲ್ಲ, ಆದರೂ ನಿಷೇಧ. "ಒಬ್ಬ ವಿದ್ಯಾರ್ಥಿನಿಯ ಆರೋಗ್ಯದ ಕಾರಣದಿಂದ" ಎಂದು ವಾಟ್ಸಾಪಿನಲ್ಲಿ ಹಾಕಿದರು. ಆ ಒಬ್ಬಳು ಯಾರು ಎಂದು ತಿಳಿಯದ ಮನೆ ಇರಲಿಲ್ಲ. ಬೆಳಿಗ್ಗೆ ಗೇಟಿನಲ್ಲಿ ಆಯಾ ಪ್ರತಿ ಡಬ್ಬಿ ತೆಗೆಸಿ ಮೂಸುವುದು, ಅನುಮಾನ ಬಂದರೆ ಅಲ್ಲೇ ಕಸದ ಡ್ರಮ್ಮಿಗೆ ಸುರಿಸುವುದು. ನನ್ನ ಮೊಮ್ಮಗಳ ಎದೆಗೆ ಕೆಂಪು ಬ್ಯಾಡ್ಜು ಚುಚ್ಚಿದರು. ಸಿಕ್ ರೂಮಿನಲ್ಲಿ ಒಬ್ಬಳೇ ಕೂತು ಊಟ. ಗಂಡುಹುಡುಗರು ಅವಳನ್ನು ಕಂಡರೆ "ಬಾಂಬ್ ಬಂತು ಕಣ್ಲಾ, ಸರ್ಕೊಳ್ಲಾ" ಎಂದು ಗೋಡೆಗೆ ಒರಗಿ ನಿಲ್ಲುತ್ತಿದ್ದರಂತೆ.

"ಅಜ್ಜಿ, ಇವತ್ತೂ ಅವಳ ರೊಟ್ಟಿ ಡ್ರಮ್ಮಿಗೆ ಹಾಕಿದರು" ಎಂದು ಒಂದು ಸಂಜೆ ಬಂದು ಹೇಳಿದಳು. "ಅವಳ ಅಮ್ಮ ಬರೀ ಉಪ್ಪು ಈರುಳ್ಳಿ ಹಾಕಿ ಕಳಿಸಿದ್ದರು. ಡಬ್ಬಿಯಲ್ಲೇ ಹಳೇ ವಾಸನೆ ಇದೆ ಅಂತ ಆಯಾ ಹಾಕಿಬಿಟ್ಟರು. ನಾನು ನನ್ನ ಅನ್ನ ಕೊಡೋಣ ಅಂದ್ರೆ ರೂಮಿಂದ ಬಿಡಲಿಲ್ಲ." ಬ್ಯಾಗು ಇಳಿಸಿ ಕೇಳಿದಳು: "ನಾನು ಸ್ಕೂಲಿಗೆ ಹೋಗದಿದ್ದರೆ ಅವಳಿಗೆ ಊಟ ಕೊಡ್ತಾರಾ?"

ಏಳು ವರ್ಷದ ಮಗುವಿನ ಬಾಯಲ್ಲಿ ಆ ಪ್ರಶ್ನೆ. ನಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ, ತೊಳೆದದ್ದನ್ನೇ ತೊಳೆದೆ. ನನ್ನ ಮಗುವಿನ ಹೆಸರಿನಲ್ಲಿ ಇನ್ನೊಂದು ಮಗುವಿನ ಅನ್ನ ಕಸಕ್ಕೆ. ಯಾರು ಕೇಳಿದ್ದರು ಇದನ್ನು? ನಾವು ಕೇಳಿದ್ದು ಒಂದು ಬೀಗ ತೆಗೆಯಿರಿ ಎಂದು.

ಆ ವಾರ ಪೇರೆಂಟ್ಸ್ ಮೀಟಿಂಗ್. ಹಾಲ್ ತುಂಬ ಜನ. ಒಬ್ಬ ತಂದೆ, ಬೇರಿಕೆ ಕಡೆಯವನು, ಗಟ್ಟಿ ಆಳು, ಎದ್ದು ನಿಂತು ಶುರು ಮಾಡಿದ.

"ಒಂದ್ ಮಗೀಗೋಸ್ಕರ ಇಷ್ಟೂ ಮಕ್ಳು ಯಾಕ್ರೀ ಬಾಯಿ ಕಟ್ಕೊಬೇಕು? ನಮ್ ಹೊಲ್ದಲ್ ಬೆಳ್ದಿದ್ದು ನಮ್ ಮಕ್ಳು ತಿನ್ನಂಗಿಲ್ವಾ? ನಾಳೆ ಇನ್ಯಾರ್ಗೋ ರಾಗಿ ಆಗಲ್ಲ ಅಂತೀರಿ, ಅದ್ನೂ ಬಿಡ್ಬೇಕಾ? ಅಷ್ಟು ನಾಜೂಕಾಗಿದ್ರೆ ಆ ಮಗೀನ ಮನೇಲಿಟ್ಕೊಂಡ್ ಓದುಸ್ಲಿ!"

ಹಿಂದಿನ ಸಾಲುಗಳಲ್ಲಿ ಚಪ್ಪಾಳೆ. ನನ್ನ ಮಗಳು ತಲೆ ತಗ್ಗಿಸಿದಳು. ನಾನು ಎದ್ದೆ.

ಕೋಪ ಬಂದರೆ ನನಗೆ ಮೊದಲು ಬರುವುದು ಇಂಗ್ಲಿಷು. ಸಿಸ್ಟರುಗಳ ಎದುರು ಅಳದೆ ಮಾತಾಡಬೇಕಾದರೆ ಅದೊಂದೇ ದಾರಿಯಾಗಿತ್ತು. "ಐ ಆಮ್ ದಟ್ ಚೈಲ್ಡ್ಸ್ ಗ್ರ್ಯಾಂಡ್‌ಮದರ್" ಎಂದು ಶುರು ಮಾಡಿದವಳು, ಆ ತಂದೆಯ ಮುಖ ನೋಡಿ ಕನ್ನಡಕ್ಕೆ ಬಂದೆ.

"ನಿಮ್ಮ ಮಗ ಕಡಲೆಕಾಯಿ ತಿನ್ನಲಿ ಸ್ವಾಮಿ. ಹೊಟ್ಟೆ ತುಂಬ ತಿನ್ನಲಿ. ನಿಮ್ಮ ಬೆಳೆ, ನಿಮ್ಮ ಮನೆ ಊಟ, ಅದಕ್ಕೆ ಅಡ್ಡ ಬರೋಕೆ ನಾನು ಯಾರು? ತಿಂದ ಮೇಲೆ ಒಂದು ಸಲ ಸೋಪು ಹಾಕಿ ಕೈ ತೊಳೀಲಿ. ತನ್ನ ಡಬ್ಬಿಯದು ನನ್ನ ಮೊಮ್ಮಗಳ ಬಾಯಿಗೆ ಇಡದೆ ಇರಲಿ. ಅಷ್ಟು ಕೇಳೋದಕ್ಕೂ ನಮಗೆ ಹಕ್ಕಿಲ್ಲ, ಮಗುವನ್ನ ಮನೇಲಿ ಕೂಡಿಹಾಕಬೇಕು ಅಂದ್ರೆ, ಹೇಳಿ, ನನ್ನ ಕಣ್ಣು ನೋಡಿ ಹೇಳಿ."

ಆತ ಕಣ್ಣು ನೋಡಲಿಲ್ಲ. "ಕೈ ತೊಳ್ಯಾಕೆ ಏನಮ್ಮಾ... ಅದ್ಯಾರು ಬ್ಯಾಡ ಅಂದ್ರು" ಎಂದು ಗೊಣಗಿ ಕೂತ.

ನಾನು ಪ್ರಿನ್ಸಿಪಾಲಳ ಕಡೆ ತಿರುಗಿದೆ. ಡ್ರಮ್ಮಿಗೆ ಊಟ ಸುರಿಸುವುದನ್ನು ನಿಲ್ಲಿಸಿ ಎಂದೆ. ಮಗುವಿನ ಎದೆಯ ಮೇಲಿನ ಆ ಬ್ಯಾಡ್ಜ್ ಕೀಳಿ, ಸ್ನೇಹಿತೆಯರ ಜೊತೆ ಕೂತು ಉಣ್ಣಲು ಬಿಡಿ, ಇಂಜೆಕ್ಷನ್ ಕ್ಲಾಸ್ ಮಿಸ್ ಕೈಗೆ ಎಟಕುವ ಕಡೆ ಇಡಿ, ಚುಚ್ಚುವುದು ಹೇಗೆ ಎಂದು ನಾನೇ ಬಂದು ಕಲಿಸುತ್ತೇನೆ ಎಂದೆ.

"ಪಾಟಿ, ಸೇಫ್ಟಿ ಈಸ್ ನಾನ್-ನೆಗೋಷಿಯಬಲ್. ಅದಕ್ಕೇ ಈ ರೂಲ್ಸ್ ಎಲ್ಲ ಮಾಡಿರೋದು."

"ಹಾಗಿದ್ರೆ ಬೀಗ ಯಾಕೆ ಹಾಕಿದ್ರಿ?"

ಆಕೆ ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದಳು.

"ಮೈ ಡಿಯರ್ ಗರ್ಲ್, ಬೀಗ ಇತ್ತಲ್ಲ, ನನ್ನ ಮಗು ಸೇಫಾಗಿತ್ತಾ? ಈಗಲೂ ಅದೇ ಬೀಗ ಇದೆ. ಅದನ್ನ ತೆಗೆಯೋಕಾಗದೆ ಹಸಿದ ಮಕ್ಕಳ ಡಬ್ಬಿ ಮೂಸ್ತಾ ಇದ್ದೀರಿ. ಗಾಜು ಒಡೆದವಳ ಮಗಳಿಗೇ ಊಟ ಇಲ್ಲ ಈ ಸ್ಕೂಲಲ್ಲಿ. ಶೇಮ್ ಆನ್ ಯೂ."

ಹೇಳಿ ಕೂತೆ. ಮಗಳು ನೀರಿನ ಬಾಟಲಿ ಕೊಟ್ಟಳು. ಚಪ್ಪಾಳೆ ಯಾರೂ ಹೊಡೆಯಲಿಲ್ಲ, ನಾನೂ ಅದಕ್ಕಾಗಿ ಕಾದಿರಲಿಲ್ಲ.

ಮರುದಿನ ಬ್ಯಾಡ್ಜ್ ಹೋಯಿತು. ಇಂಜೆಕ್ಷನ್ ಮಿಸ್‌ನ ಮೇಜಿನ ಹಿಂದಿನ ಗೋಡೆಗೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಬೀಗವಿಲ್ಲದ ಒಂದು ಚೀಲದಲ್ಲಿ ನೇತಾಡಿತು. ಮಿಸ್ ನನ್ನ ಹತ್ತಿರ ಕಿತ್ತಳೆ ಹಣ್ಣಿನ ಮೇಲೆ ಅಭ್ಯಾಸ ಮಾಡಿದಳು. ವರಾಂಡದಲ್ಲಿ ಮೊಮ್ಮಗಳಿಗೆ ಮತ್ತೆ ಜಾಗ ಸಿಕ್ಕಿತು. ಆದರೆ ಗೇಟಿನ ತಪಾಸಣೆಯನ್ನು ಮ್ಯಾನೇಜ್‌ಮೆಂಟ್ ತೀರ್ಮಾನ ಮಾಡುವವರೆಗೆ ನಿಲ್ಲಿಸಲು ಬರುವುದಿಲ್ಲ ಎಂದರು. ಮ್ಯಾನೇಜ್‌ಮೆಂಟ್ ಯಾವಾಗ ತೀರ್ಮಾನ ಮಾಡುತ್ತದೆ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಇನ್ನೊಮ್ಮೆ ಆ ಹುಡುಗಿಯ ಡಬ್ಬಿ ಡ್ರಮ್ಮಿಗೆ ಹೋಯಿತು. ಅದೇ ಕೊನೆ.

ಅವಳ ಅಪ್ಪ ಟಿಸಿ ತೆಗೆದುಕೊಳ್ಳಲು ಬಂದ ದಿನ ನಾನು ಗೇಟಿನ ಹತ್ತಿರ ಇದ್ದೆ. ಊಟದ ಬಿಡುವಿನ ಹೊತ್ತು. ಹುಡುಗಿಯೂ ಬಂದಿದ್ದಳು, ಯೂನಿಫಾರಂ ಇರಲಿಲ್ಲ, ಹೂಹೂವಿನ ಫ್ರಾಕ್ ಹಾಕಿದ್ದಳು.

"ಕಳಿಸಬೇಡಪ್ಪ, ಇನ್ನೊಂದು ಸಲ ನಾನು ಹೋಗಿ ಮಾತಾಡ್ತೀನಿ" ಎಂದೆ.

"ನಿಮ್ ಮ್ಯಾಲೆ ನಮ್ಗೇನೂ ಕೋಪ ಇಲ್ಲಮ್ಮಾ. ನಮ್ಮನೆಯೋಳು ದಿನಾ ನಿಮ್ ಮಗೀನ ನೆನುಸ್ಕೊತಾಳೆ. ಆದ್ರೆ ನನ್ ಮಗ್ಳು ಹೊತ್ಕೊಂಡ್ ಬಂದ ಅನ್ನಾನ ಅವಳ್ ಕಣ್ಮುಂದೇನೆ ಕಸಕ್ಕಾಕಿದ್ರಲ್ಲ, ಅದು ಗಂಟ್ಲಲ್ಲಿ ಇಳೀತಿಲ್ಲ. ನಮ್ಮೂರ್ ಸರ್ಕಾರಿ ಸ್ಕೂಲೇ ಆಯ್ತು, ಅಲ್ಲಿ ಕನ್ನಡದಲ್ಲೇ ಹೇಳ್ಕೊಡ್ತಾರೆ. ಊಟಾನೂ ಕೊಡ್ತಾರೆ."

ನಾನು ಹುಡುಗಿಯ ತಲೆ ಸವರಿದೆ.

ಮೊಮ್ಮಗಳು ವರಾಂಡದಿಂದ ಇವಳನ್ನು ನೋಡಿ ಓಡಿಬಂದಳು. ಈ ಹುಡುಗಿ ಮಾತ್ರ ಎದುರಿಗೆ ಓಡಲಿಲ್ಲ. "ಇರು ಕಣೇ, ಬಂದೆ" ಎಂದು ಕೂಗಿ ನಲ್ಲಿಯ ಹತ್ತಿರ ಹೋದಳು. ಸವೆದು ಬಿಲ್ಲೆಯಷ್ಟಾಗಿದ್ದ ಸೋಪಿನ ಚೂರನ್ನು ಅಂಗೈಗೆ ಉಜ್ಜಿದಳು, ಬೆರಳ ಸಂದಿಗೆ ಉಜ್ಜಿದಳು, ಬಾಯಿ ಮುಕ್ಕಳಿಸಿ ಉಗುಳಿದಳು.

"ಅಯ್ಯೋ, ಬೆಳಗಿಂದ ಏನೂ ತಿಂದೇ ಇಲ್ಲ ಅಮ್ಮಾ ಇದು, ಬರೀ ಕಾಫಿ ಕುಡ್ದೈತೆ" ಎಂದ ಅವಳ ಅಪ್ಪ.

ಹುಡುಗಿ ಒದ್ದೆ ಕೈಗಳನ್ನು ಮುಂದಕ್ಕೆ ಚಾಚಿಕೊಂಡು ಬಂದು ನಿಂತಳು. ನನ್ನ ಮೊಮ್ಮಗಳು ಒಂದೊಂದೇ ಅಂಗೈ ಹಿಡಿದು, ಮೂಗಿನ ಹತ್ತಿರ ತಂದು, ಮೂಸಿ ನೋಡಿದಳು. "ಪಾಸ್" ಎಂದಳು. ಅಪ್ಪ ಬೈಕು ಸ್ಟಾರ್ಟ್ ಮಾಡುವವರೆಗೆ ಇಬ್ಬರೂ ಕೈ ಹಿಡಿದುಕೊಂಡೇ ನಿಂತಿದ್ದರು.